ರೋಗಿಯ ಭಾಷೆ ಯಾವುದು? ದುಡ್ಡು ಕೊಟ್ಟು ಹುಡುಕುತ್ತಿರುವ ಕೆನಡಾ

ನಮ್ಮ ಬಳಗದ ಗೆಳೆಯನೊಬ್ಬನ ಅಜ್ಜಿಯನ್ನು ಹೋದ ಸೆಮಿಸ್ಟರ್‌ನಲ್ಲಿ ನಗರದ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ಅಜ್ಜಿ "ಸಂಕಟ ಆಗ್ತಿದೆ" ಅಂದರು. ಡ್ಯೂಟಿಯಲ್ಲಿದ್ದ ಡಾಕ್ಟರು ಹಿಂದಿಯವರು. "ಸಂಕಟ" ಅಂದಿದ್ದಕ್ಕೆ ಮನೆಯಲ್ಲಿ ಏನೋ ತೊಂದರೆ ಇರಬೇಕು ಅಂದುಕೊಂಡು ಸಮಾಧಾನ ಹೇಳಿ ಹೋದರು. ಅಜ್ಜಿಗೆ ಆಗುತ್ತಿದ್ದದ್ದು ಹೊಟ್ಟೆ ತೊಳೆಸಿ ವಾಂತಿ ಬರುವ ಹಾಗಿನ ಸಂಕಟ. ಮೊಮ್ಮಗ ಬಂದು ಬಿಡಿಸಿ ಹೇಳುವವರೆಗೆ ಅದು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಅಜ್ಜಿ ಹುಷಾರಾದರು, ನಾವೂ ನಕ್ಕೆವು. ಆದರೆ ಇಂಥದ್ದರಿಂದ ಎಷ್ಟು ಜನಕ್ಕೆ ನಿಜವಾಗಿ ತೊಂದರೆಯಾಗುತ್ತದೆ ಅಂತ ಯಾರಾದರೂ ಲೆಕ್ಕ ಇಟ್ಟಿದ್ದಾರಾ ಎಂದು ಹುಡುಕಲು ಹೊರಟಾಗ ಸಿಕ್ಕಿದ್ದು ಕೆನಡಾ.

ಕೆನಡಾದಲ್ಲಿ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಂಗ್ಲಿಷ್ ಮತ್ತು ಫ್ರೆಂಚ್ ಎರಡಕ್ಕೂ ಸಮಾನ ಸ್ಥಾನ. ಆದರೆ ಜನ ಹಾಗೆ ಸಮನಾಗಿ ಹಂಚಿಹೋಗಿಲ್ಲ. ಕ್ವಿಬೆಕ್ ಪ್ರಾಂತ್ಯದಲ್ಲಿ ಫ್ರೆಂಚರೇ ಬಹುಸಂಖ್ಯಾತರು, ಅಲ್ಲಿ ಇಂಗ್ಲಿಷರು ಅಲ್ಪಸಂಖ್ಯಾತರು. ಕ್ವಿಬೆಕ್ ದಾಟಿದರೆ ಲೆಕ್ಕ ತಲೆಕೆಳಗು. ಎರಡೂ ಕಡೆಯ ಈ ಅಲ್ಪಸಂಖ್ಯಾತರು ತಲಾ ಹತ್ತು ಲಕ್ಷಕ್ಕೂ ಹೆಚ್ಚು.

ಭಾಷೆ ಮತ್ತು ಆಸ್ಪತ್ರೆಯ ಜಗಳ ಅಲ್ಲಿ ಬೀದಿಗೂ ಬಂದಿದೆ. 1997ರಲ್ಲಿ ಆಂಟೇರಿಯೊ ಸರ್ಕಾರದ ಆಯೋಗವೊಂದು ಆಟವಾದ ಮಾಂಟ್‌ಫೋರ್ಟ್ ಆಸ್ಪತ್ರೆಯನ್ನು ಮುಚ್ಚಬೇಕು ಎಂದಿತು. ಫ್ರೆಂಚ್‌ನಲ್ಲಿ ಚಿಕಿತ್ಸೆ ಕೊಟ್ಟು, ಫ್ರೆಂಚ್‌ನಲ್ಲೇ ವೈದ್ಯರನ್ನು ತಯಾರು ಮಾಡುತ್ತಿದ್ದ ಆಸ್ಪತ್ರೆ ಅದು. ವಾನಿಯೇ ಪಟ್ಟಣದ ಮೇಯರ್ ಆಗಿದ್ದ ಜಿಸೆಲ್ ಲಾಲೋಂಡ್ ಹೋರಾಟಕ್ಕೆ ನಿಂತರು. ಆ ಮಾರ್ಚ್‌ನಲ್ಲಿ ಒಂದೇ ಸಭೆಗೆ ಸುಮಾರು 10,000 ಜನ ಸೇರಿದರು. ಕೊನೆಗೆ 2001ರಲ್ಲಿ ಆಂಟೇರಿಯೊದ ಮೇಲ್ಮನವಿ ನ್ಯಾಯಾಲಯ ಆಸ್ಪತ್ರೆಯ ಪರ ತೀರ್ಪು ಕೊಟ್ಟಿತು. ಮಾಂಟ್‌ಫೋರ್ಟ್ ಇವತ್ತಿಗೂ ಇದೆ, ಅದಕ್ಕೆ ತನ್ನದೇ ಸಂಶೋಧನಾ ವಿಭಾಗವೂ ಇದೆ.

ಆಸ್ಪತ್ರೆ ಉಳಿಸಲು ಜನ ಸೇರಿದರೆ ಸಾಕಾಯಿತು. ಆದರೆ "ಭಾಷೆ ಬಾರದಿದ್ದರೆ ರೋಗಿಗೆ ಹಾನಿ" ಅಂತ ತೋರಿಸಲು ಡೇಟಾ ಬೇಕು, ಎಡವಟ್ಟು ಇರುವುದು ಅಲ್ಲೇ. ನಾವೇ ಒಂದು ಲೆಕ್ಕ ಹಾಕೋಣ. ಕ್ವಿಬೆಕ್‌ನ ಹೊರಗಿನ ಜನಸಂಖ್ಯೆಯಲ್ಲಿ ಫ್ರೆಂಚರು ಶೇ. 3.6ರ ಆಸುಪಾಸು. ಅಲ್ಲಿ 2,000 ಜನರ ಆರೋಗ್ಯ ಸಮೀಕ್ಷೆ ಮಾಡಿದರೆ ಅದರಲ್ಲಿ ಸಿಗುವ ಫ್ರೆಂಚರು 72 ಮಂದಿ. ತಪ್ಪಿನ ಅಂಚು ಸುಮಾರಾಗಿ ಒಂದು ಭಾಗಿಸು ವರ್ಗಮೂಲ ಎನ್. ಅಂದರೆ ಒಟ್ಟು ಸಮೀಕ್ಷೆಗೆ ±2.2, ಫ್ರೆಂಚರ ಗುಂಪಿಗೆ ಮಾತ್ರ ±12. ಶೇ. 20 ಅಂತ ಬಂದ ಉತ್ತರ 8 ಇರಬಹುದು, 32 ಕೂಡ ಇರಬಹುದು. ಅದನ್ನು ಇಟ್ಟುಕೊಂಡು ಯಾವ ಮಂತ್ರಿಯ ಹತ್ತಿರ ಹೋಗ್ತೀರಿ? ಹಾಗಾಗಿ ಈ ಗುಂಪನ್ನೇ ಹುಡುಕಿ ಹೆಚ್ಚು ಜನರನ್ನು ಕೇಳಬೇಕು, ಇಲ್ಲವೇ ಬೇರೆ ಬೇರೆ ದಾಖಲೆಗಳನ್ನು ಜೋಡಿಸಬೇಕು. ಎರಡಕ್ಕೂ ದುಡ್ಡು ಬೇಕು.

ಕೆನಡಾದಲ್ಲಿ ಆರೋಗ್ಯ ಸಂಶೋಧನೆಗೆ ಕೇಂದ್ರದ ದುಡ್ಡು ಹಂಚುವುದು 2000ದಲ್ಲಿ ಶುರುವಾದ ಸಿಐಎಚ್‌ಆರ್ ಎಂಬ ಸಂಸ್ಥೆ. ಅರ್ಜಿಗಳನ್ನು ಆಯಾ ಕ್ಷೇತ್ರದ ತಜ್ಞರು ಓದಿ ಅಂಕ ಹಾಕುತ್ತಾರೆ, ರ್‍ಯಾಂಕ್ ಪಟ್ಟಿ ತಯಾರಾಗುತ್ತದೆ, ದುಡ್ಡು ಮುಗಿದಲ್ಲಿ ಕಟ್‌ಆಫ್. ನಮ್ಮ ಸಿಇಟಿ ಇದ್ದ ಹಾಗೆ ಅಂದುಕೊಳ್ಳಿ. ಸಣ್ಣ ಸಮುದಾಯದ ಮೇಲಿನ ಅಧ್ಯಯನ ಈ ಸಾಲಿನಲ್ಲಿ ಹಿಂದೆ ಬೀಳುವುದು ಸುಲಭ. ಅದಕ್ಕೇ ಕೆಲವು ವಿಷಯಗಳಿಗೆ ಬೇರೆಯೇ ಹಣ ಎತ್ತಿಟ್ಟು, ಕಟ್‌ಆಫ್‌ನ ಸ್ವಲ್ಪ ಕೆಳಗಿರುವ ಒಳ್ಳೆಯ ಅರ್ಜಿಗಳನ್ನು ಎತ್ತಿಕೊಳ್ಳುವ ಪದ್ಧತಿ ಇದೆ. ಅಧಿಕೃತ ಭಾಷಾ ಅಲ್ಪಸಂಖ್ಯಾತರ ಆರೋಗ್ಯವೂ ಅಂಥ ಒಂದು ವಿಷಯ.

ಇದರೊಳಗೆ ಇನ್ನೊಂದು ತೊಡಕು: ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಎರಡರಲ್ಲೂ ಬರೆಯಬಹುದು ಅಂತ ನಿಯಮ ಹೇಳುತ್ತದೆ. ಆದರೆ ಆಕ್ಫಾಸ್ ಎಂಬ ಸಂಘ 2021ರಲ್ಲಿ ತಂದ ವರದಿಯ ಪ್ರಕಾರ, 2001ರಿಂದ 2016ರವರೆಗೆ ಸಿಐಎಚ್‌ಆರ್‌ನಲ್ಲಿ ಇಂಗ್ಲಿಷ್ ಅರ್ಜಿಗಳಲ್ಲಿ ಶೇ. 39 ಗೆದ್ದರೆ ಫ್ರೆಂಚ್ ಅರ್ಜಿಗಳಲ್ಲಿ ಗೆದ್ದದ್ದು ಶೇ. 29. ಫ್ರೆಂಚರ ಆರೋಗ್ಯದ ಬಗ್ಗೆ ಫ್ರೆಂಚ್‌ನಲ್ಲಿ ಬರೆದರೆ ನಷ್ಟ ಅನ್ನುವ ಪರಿಸ್ಥಿತಿ! ಸೆಮಿನಾರ್ ವಿಷಯವನ್ನು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ತಡವರಿಸುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ದುಡ್ಡು ಹಾಕಿ ಡೇಟಾ ಜೋಡಿಸಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ 2022ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನ. ಆಂಟೇರಿಯೊದಲ್ಲಿ ಮನೆಯಲ್ಲೇ ಆರೈಕೆ ಪಡೆಯುತ್ತಿದ್ದು, 2010ರಿಂದ 2018ರ ನಡುವೆ ಆಸ್ಪತ್ರೆಗೆ ಸೇರಿದ ಸುಮಾರು 1.9 ಲಕ್ಷ ಜನರ ದಾಖಲೆಗಳನ್ನು ಅದು ನೋಡಿತು. ಮನೆ ಆರೈಕೆಯ ಫಾರಂನಲ್ಲಿ ರೋಗಿಯ ಭಾಷೆ ಬರೆಯುವ ಜಾಗ ಇತ್ತು, ವೈದ್ಯರ ಭಾಷೆ ನೋಂದಣಿ ಮಂಡಳಿಯ ದಾಖಲೆಯಲ್ಲಿತ್ತು. ಎರಡನ್ನೂ ಜಾಯಿನ್ ಮಾಡಿದರು. ಡಿಬಿಎಂಎಸ್ ಲ್ಯಾಬಿನಲ್ಲಿ ನಾವು ಮಾಡುವುದೂ ಅದನ್ನೇ ಅಲ್ವಾ? ಫ್ರೆಂಚ್ ಬಲ್ಲ ವೈದ್ಯರು ನೋಡಿಕೊಂಡ ಫ್ರೆಂಚ್ ರೋಗಿಗಳಲ್ಲಿ ಆಸ್ಪತ್ರೆಯಲ್ಲೇ ಸಾಯುವ ಆಡ್ಸ್ ಶೇ. 24ರಷ್ಟು ಕಡಿಮೆ ಇತ್ತು. ಇದು ಪ್ರಯೋಗ ಮಾಡಿ ಕಂಡದ್ದಲ್ಲ, ದಾಖಲೆ ನೋಡಿ ಕಂಡದ್ದು. ಹಾಗಾಗಿ ಭಾಷೆಯೊಂದೇ ಕಾರಣ ಎನ್ನಲು ಬರುವುದಿಲ್ಲ. ಆದರೂ ಸಣ್ಣ ಸಂಖ್ಯೆ ಅಲ್ಲ.

ಕ್ವಿಬೆಕ್‌ನ ಇಂಗ್ಲಿಷರ ವಿಷಯ ಬೇರೆ ಥರ. ಮಾಂಟ್ರಿಯಲ್‌ನಲ್ಲಿ ಅವರಿಗೆ ಹೆಸರಾಂತ ಹಳೆಯ ಆಸ್ಪತ್ರೆಗಳಿವೆ, ಸರಾಸರಿ ನೋಡಿದರೆ ಸಮಸ್ಯೆಯೇ ಇಲ್ಲ ಅನಿಸಬಹುದು. ಗ್ಯಾಸ್ಪೆಯಂಥ ದೂರದ ಊರುಗಳಲ್ಲಿ ಎರಡು ಭಾಷೆ ಬಲ್ಲ ಹುಡುಗರು ಕೆಲಸಕ್ಕೆ ಹೊರಟುಹೋಗಿ, ಒಂದೇ ಭಾಷೆ ಬಲ್ಲ ಮುದುಕರು ಉಳಿದಿರುವುದು ಸರಾಸರಿಯಲ್ಲಿ ಕಾಣುವುದಿಲ್ಲ.

ನಮಗೆ ಒಪ್ಪಿಗೆಯಾಗದ ಒಂದು ಮಾತೂ ಇದೆ. ಅದೇ ಅಧ್ಯಯನದಲ್ಲಿ ಇಂಗ್ಲಿಷೂ ಅಲ್ಲದ ಫ್ರೆಂಚೂ ಅಲ್ಲದ ಭಾಷೆಯ ರೋಗಿಗಳಿಗೆ ತಮ್ಮ ಭಾಷೆಯ ವೈದ್ಯರು ಸಿಕ್ಕಾಗ ಸಾವಿನ ಆಡ್ಸ್ ಶೇ. 54ರಷ್ಟು ಕಡಿಮೆ ಇತ್ತು. ಅಂದರೆ ಹೆಚ್ಚು ಪ್ರಯೋಜನ ಕಂಡದ್ದು ಅವರಲ್ಲೇ. ಆದರೆ ಕಾಯ್ದೆಯ ಬಲದಿಂದ ಎತ್ತಿಟ್ಟ ಈ ದುಡ್ಡು "ಅಧಿಕೃತ" ಅಲ್ಪಸಂಖ್ಯಾತರ ಹೆಸರಿನಲ್ಲಿದೆ. ಮಗಳ ಬಾಣಂತನಕ್ಕೆಂದು ಬ್ರ್ಯಾಂಪ್ಟನ್‌ಗೆ ಹೋಗಿ ಅಲ್ಲೇ ನೆಲೆಸಿದ ಹಾಸನದ ಅಮ್ಮ ಆ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿನ ಮೂಲನಿವಾಸಿಗಳ ಭಾಷೆಗಳೂ ಬರುವುದಿಲ್ಲ.

ಇದನ್ನೆಲ್ಲ ಓದಿ ಮುಗಿಸಿದ ರಾತ್ರಿ, ಹಿಂದೆ ಹ್ಯಾಕಥಾನ್‌ಗೆಂದು ನಾವೇ ಮಾಡಿದ್ದ ಆಸ್ಪತ್ರೆ ಟೋಕನ್ ಆ್ಯಪ್ ತೆಗೆದು ನೋಡಿದೆವು. ರೋಗಿಯ ಟೇಬಲ್‌ನಲ್ಲಿ ಹೆಸರು, ವಯಸ್ಸು, ಲಿಂಗ, ಫೋನ್ ನಂಬರು, ರಕ್ತದ ಗುಂಪು ಇತ್ತು. ಭಾಷೆಗೆ ಕಾಲಂ ಇರಲಿಲ್ಲ. ಕನ್ನಡ ಸಂಘದವರೇ ಮಾಡಿದ ಆ್ಯಪ್ ಅದು.