ಅರೂಪಕ್ಕೆ ರೂಪ: ಕ್ರೈಸ್ತ ಪರಂಪರೆಯಲ್ಲಿ ದೇವರ ಕಲ್ಪನೆ ಮತ್ತು ಚಿತ್ರಣ

1

ಕ್ರೈಸ್ತರ ದೇವರು ಎಂದೊಡನೆ ಸಾಮಾನ್ಯವಾಗಿ ಮನಸ್ಸಿಗೆ ಬರುವುದು ಮೋಡಗಳ ನಡುವೆ ಸಿಂಹಾಸನದಲ್ಲಿ ಕುಳಿತ ಬಿಳಿಗಡ್ಡದ ವೃದ್ಧನ ಚಿತ್ರ. ಈ ಚಿತ್ರ ಎಷ್ಟು ಪರಿಚಿತವೆಂದರೆ ಅದು ಕ್ರೈಸ್ತಧರ್ಮದಷ್ಟೇ ಹಳೆಯದೆಂದು ಭಾವಿಸುವುದು ಸಹಜ. ಆದರೆ ಇತಿಹಾಸ ಹೇಳುವುದೇ ಬೇರೆ. ಈ ಚಿತ್ರ ರೂಢಿಗೆ ಬಂದದ್ದು ತಡವಾಗಿ. ಬಂದ ಮೇಲೂ ಅದು ಸರ್ವಸಮ್ಮತವಾಗಲಿಲ್ಲ. ದೇವರನ್ನು ಚಿತ್ರಿಸಬೇಕೆಂಬ ಹಂಬಲ ಮತ್ತು ಚಿತ್ರಿಸಬಾರದೆಂಬ ಎಚ್ಚರ ಇವೆರಡೂ ಈ ಪರಂಪರೆಯಲ್ಲಿ ಮೊದಲಿನಿಂದಲೂ ಜೊತೆಯಾಗಿ ಸಾಗಿ ಬಂದಿವೆ. ಒಂದು ಇನ್ನೊಂದನ್ನು ತಿದ್ದುತ್ತ ಬಂದಿದೆ.

ಈ ದ್ವಂದ್ವದ ಮೂಲ ಧರ್ಮಗ್ರಂಥದಲ್ಲಿಯೇ ಇದೆ. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯ ದೇವರ ವಿಗ್ರಹವನ್ನು ಕೆತ್ತುವುದನ್ನು ನಿಷೇಧಿಸುತ್ತದೆ. ಆದಿಕಾಂಡದ ಮೊದಲ ಅಧ್ಯಾಯವಾದರೋ ಮನುಷ್ಯನನ್ನು, ಗಂಡು ಹೆಣ್ಣೆಂಬ ಭೇದವಿಲ್ಲದೆ, ದೇವರ ಸ್ವರೂಪದಲ್ಲಿಯೇ ಸೃಷ್ಟಿಸಲಾಯಿತೆನ್ನುತ್ತದೆ. ದೇವರನ್ನು ಯಾರೂ ಎಂದೂ ಕಂಡಿಲ್ಲವೆನ್ನುವ ಯೋಹಾನನ ಸುವಾರ್ತೆಯು ಕ್ರಿಸ್ತನು ಆತನನ್ನು ತಿಳಿಯಪಡಿಸಿದನೆಂದು ಕೂಡಲೇ ಸೇರಿಸುತ್ತದೆ. ಕೊಲೊಸ್ಸೆಯವರಿಗೆ ಬರೆದ ಪತ್ರವು ಕ್ರಿಸ್ತನನ್ನು ಕಾಣದ ದೇವರ ಪ್ರತಿರೂಪವೆಂದು ಕರೆಯುತ್ತದೆ. ಕೆತ್ತುವುದಕ್ಕೆ ನಿಷೇಧವಿದ್ದರೂ ನುಡಿಯಲ್ಲಿ ಚಿತ್ರಗಳಿಗೆ ಬರವಿಲ್ಲ. ಬೈಬಲ್ಲಿನ ದೇವರು ಬಂಡೆ, ಕೋಟೆ, ಕುರುಬ, ಅರಸ, ಕುಂಬಾರ. ಮರಿಗಳ ಮೇಲೆ ಸುಳಿದಾಡುವ ಹದ್ದು. ಯೆಶಾಯನ ಗ್ರಂಥದಲ್ಲಿ ಹೆರಿಗೆಯ ನೋವಿನಲ್ಲಿ ಕೂಗುವ ಹೆಂಗಸು, ಮಗುವನ್ನು ಸಂತೈಸುವ ತಾಯಿ. ಇಷ್ಟೊಂದು ರೂಪಕಗಳು ಒಟ್ಟಿಗಿರುವುದರಿಂದಲೇ ಯಾವುದೊಂದೂ ದೇವರ ಪೂರ್ಣ ವರ್ಣನೆಯಾಗಿ ಉಳಿಯುವುದಿಲ್ಲ.

2

ಸಿರಿಯಾದ ದುರಾ–ಯೂರೋಪಸ್ ಪಟ್ಟಣವು ಕ್ರಿ.ಶ. 256ರ ಸುಮಾರಿಗೆ ಪತನವಾಗಿ ಮಣ್ಣಿನಡಿ ಹುದುಗಿಹೋಯಿತು. 20ನೆಯ ಶತಮಾನದ ಉತ್ಖನನದಲ್ಲಿ ಅಲ್ಲಿ ಕ್ರೈಸ್ತರು ಆರಾಧನೆಗೆ ಬಳಸುತ್ತಿದ್ದ ಒಂದು ಮನೆ ದೊರೆಯಿತು. ಅದರ ದೀಕ್ಷಾಸ್ನಾನದ ಕೋಣೆಯ ಗೋಡೆಯಲ್ಲಿ ಹೆಗಲ ಮೇಲೆ ಕುರಿ ಹೊತ್ತ ಕುರುಬನಿದ್ದಾನೆ. ಪಾರ್ಶ್ವವಾಯು ಪೀಡಿತನನ್ನು ಗುಣಪಡಿಸುವ, ನೀರಿನ ಮೇಲೆ ನಡೆಯುವ ಯೇಸು ಇದ್ದಾನೆ. ತಂದೆಯಾದ ದೇವರ ಚಿತ್ರ ಮಾತ್ರ ಇಲ್ಲ. ಅದೇ ಊರಿನ ಯೆಹೂದಿ ಸಭಾಮಂದಿರದ ಭಿತ್ತಿಚಿತ್ರಗಳಲ್ಲಿ ದೇವರು ಮೇಲಿನಿಂದ ಚಾಚಿದ ಒಂದು ಕೈಯಾಗಿ ಮಾತ್ರ ಕಾಣಿಸುತ್ತಾನೆ. ಮುಂದಿನ ಅನೇಕ ಶತಮಾನಗಳ ಕ್ರೈಸ್ತ ಕಲೆಯೂ ಈ ಕೈಯನ್ನೇ ಅವಲಂಬಿಸಿತು. ತ್ರ್ಯೇಕತ್ವವನ್ನು ಮೂವರು ಪುರುಷರಾಗಿ ತೋರಿಸುವ 4ನೆಯ ಶತಮಾನದ ರೋಮಿನ ಶಿಲಾಶವಪೆಟ್ಟಿಗೆಯಂಥ ಅಪವಾದಗಳಿದ್ದರೂ ಅವು ವಿರಳ. ಮೋಡದಿಂದ ಹೊರಟ ಕೈ ಕ್ರಿಯೆಯನ್ನು ತೋರುತ್ತದೆ, ಕರ್ತೃವಿನ ಮುಖವನ್ನು ತೋರುವುದಿಲ್ಲ. ಹೇಳುವುದಕ್ಕೂ ಹೇಳದಿರುವುದಕ್ಕೂ ಒಂದೇ ಚಿಹ್ನೆಯನ್ನು ಬಳಸಿದ ಈ ಸಂಯಮ ಗಮನಾರ್ಹವಾದುದು.

ಮುಖ ದೊರೆತದ್ದು ಕ್ರಿಸ್ತನಿಗೆ. ಸಿನಾಯ್ ಪರ್ವತದ ಸಂತ ಕ್ಯಾಥರೀನ್ ಮಠದಲ್ಲಿರುವ 6ನೆಯ ಶತಮಾನದ ಮೇಣದ ವರ್ಣಚಿತ್ರದಲ್ಲಿ ಗಡ್ಡಧಾರಿ ಕ್ರಿಸ್ತನು ನೋಡುಗನನ್ನು ನೇರವಾಗಿ ದಿಟ್ಟಿಸುತ್ತಾನೆ. ಅದೇ ಶತಮಾನದಲ್ಲಿ ಇಟಲಿಯ ರವೆನ್ನಾದ ಸಾನ್ ವಿತಾಲೆ ದೇವಾಲಯದ ಮೊಸಾಯಿಕ್‌ನಲ್ಲಿ ಆತನು ಗಡ್ಡವಿಲ್ಲದ ತರುಣ. ರೂಪ ಇನ್ನೂ ಸ್ಥಿರಗೊಂಡಿರಲಿಲ್ಲವೆಂಬುದಕ್ಕೆ ಇವು ಸಾಕ್ಷಿ.

3

ಇಂಥ ಚಿತ್ರಗಳ ಔಚಿತ್ಯವೇ 8ನೆಯ ಶತಮಾನದ ಬೈಜಾಂಟಿಯಂ ಸಾಮ್ರಾಜ್ಯದಲ್ಲಿ ರಾಜಕೀಯ ಸಂಘರ್ಷವಾಗಿ ಪರಿಣಮಿಸಿತು. 754ರ ಹಿಯೆರಿಯಾ ಸಭೆಯು ಪ್ರತಿಮೆಗಳನ್ನು ಖಂಡಿಸಿತು. ಚಿತ್ರಕಾರನು ಕ್ರಿಸ್ತನ ದೈವತ್ವವನ್ನು ಚಿತ್ರಿಸಲಾರನು. ಮಾನುಷತ್ವವನ್ನು ಮಾತ್ರ ಚಿತ್ರಿಸಿದರೆ ಕ್ರಿಸ್ತನನ್ನು ಎರಡಾಗಿ ಸೀಳಿದಂತೆ ಎಂಬುದು ಅದರ ವಾದ. ಸಾಮ್ರಾಜ್ಯದ ಹೊರಗೆ, ಖಲೀಫರ ಆಳ್ವಿಕೆಯ ನೆಲದಲ್ಲಿದ್ದ ಡಮಾಸ್ಕಸ್‌ನ ಯೋಹಾನನು ಇದಕ್ಕೂ ಮೊದಲೇ ಪ್ರತಿಮೆಗಳ ಪರವಾಗಿ ಮೂರು ಪ್ರಬಂಧಗಳನ್ನು ಬರೆದಿದ್ದನು. ಅಶರೀರಿಯಾದ ದೇವರನ್ನು ಚಿತ್ರಿಸುವುದು ತಪ್ಪೆಂದು ಅವನೂ ಒಪ್ಪುತ್ತಾನೆ. ಆದರೆ ದೇವರೇ ದೇಹವನ್ನು ಧರಿಸಿ ಮನುಷ್ಯರ ನಡುವೆ ಬಾಳಿದ ಮೇಲೆ ಆ ಕಂಡ ರೂಪವನ್ನು ಚಿತ್ರಿಸಲು ನಿರಾಕರಿಸುವುದು ದೇಹಧಾರಣೆಯನ್ನೇ ನಿರಾಕರಿಸಿದಂತೆ ಎನ್ನುತ್ತಾನೆ. 787ರ ಎರಡನೆಯ ನೈಸೀಯ ಮಹಾಸಭೆಯು ದೇವರಿಗೆ ಮಾತ್ರ ಸಲ್ಲುವ ಆರಾಧನೆಯನ್ನೂ ಚಿತ್ರಕ್ಕೆ ತೋರುವ ಗೌರವವನ್ನೂ ಬೇರ್ಪಡಿಸಿ, ಆ ಗೌರವವು ಚಿತ್ರದ ಮೂಲವ್ಯಕ್ತಿಗೆ ಸಲ್ಲುತ್ತದೆಂದು ನಿರ್ಣಯಿಸಿತು. ಮತ್ತೊಮ್ಮೆ ತಲೆಯೆತ್ತಿದ ವಿವಾದ 843ರಲ್ಲಿ ಕೊನೆಗೊಂಡಿತು.

ಇದನ್ನು ಸಗುಣ–ನಿರ್ಗುಣಗಳ ಚರ್ಚೆಯೊಡನೆ ಹೋಲಿಸುವ ಆಸೆ ಕನ್ನಡದ ಓದುಗರಿಗೆ ಉಂಟಾಗುವುದು ಸಹಜ. ಹೋಲಿಕೆ ಸ್ವಲ್ಪ ದೂರ ಮಾತ್ರ ನಡೆಯುತ್ತದೆ. ಇಲ್ಲಿ ರೂಪಕ್ಕೆ ಸಮರ್ಥನೆ ದೊರೆಯುವುದು ಉಪಾಸಕನ ಅನುಕೂಲದಿಂದಲ್ಲ. ಒಮ್ಮೆ ಮಾತ್ರ, ನಿರ್ದಿಷ್ಟ ಕಾಲದೇಶಗಳಲ್ಲಿ ನಡೆಯಿತೆಂದು ನಂಬಲಾದ ಒಂದು ಘಟನೆಯಿಂದ.

4

ಯೋಹಾನನ ವಾದವನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೆ ದೇಹ ಧರಿಸದ ತಂದೆಯ ಚಿತ್ರಕ್ಕೆ ಅವಕಾಶವಿಲ್ಲ. ಪಶ್ಚಿಮದ ಕಲೆ ಈ ಗೆರೆಯನ್ನು ಕ್ರಮೇಣ ದಾಟಿತು. ಅದಕ್ಕೆ ಆಧಾರವಾಗಿ ಒದಗಿದ್ದು ದಾನಿಯೇಲನ ಗ್ರಂಥದ ಏಳನೆಯ ಅಧ್ಯಾಯದ ದರ್ಶನ. ಅಲ್ಲಿ ಹಿಮದಂಥ ಉಡುಪು, ಉಣ್ಣೆಯಂಥ ಕೂದಲುಗಳ ಪುರಾತನನೊಬ್ಬನು ನ್ಯಾಯಾಸನದಲ್ಲಿ ಕುಳಿತಿದ್ದಾನೆ. ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾದಲ್ಲಿ 1427ರ ಸುಮಾರಿಗೆ ಮಸಾಚ್ಚೊ ರಚಿಸಿದ ಭಿತ್ತಿಚಿತ್ರದಲ್ಲಿ ತಂದೆಯು ಶಿಲುಬೆಯ ಹಿಂದೆ ನಿಂತು ಅದನ್ನು ಎತ್ತಿ ಹಿಡಿದಿದ್ದಾನೆ. ಮೈಕೆಲೇಂಜೆಲೊ 1508–12ರಲ್ಲಿ ಸಿಸ್ಟೀನ್ ದೇವಾಲಯದ ಮೇಲ್ಛಾವಣಿಯಲ್ಲಿ ಬಿಡಿಸಿದ ಸೃಷ್ಟಿಕರ್ತನೇ ಇಂದಿನ ಜನಪ್ರಿಯ ಚಿತ್ರದ ಮಾದರಿ. ಹಿಂದೆ ಮೋಡದಿಂದ ಇಳಿಯುತ್ತಿದ್ದ ಕೈಗೆ ಇಲ್ಲಿ ತೋಳು, ಮೈ, ಮುಖ ಎಲ್ಲವೂ ಬಂದವು.

ಪ್ರತಿರೋಧವೂ ಹಿಂದೆಯೇ ಬಂದಿತು. 1524ರಲ್ಲಿ ಜ್ಯೂರಿಚ್‌ನ ದೇವಾಲಯಗಳಿಂದ ಚಿತ್ರಗಳನ್ನು ತೆಗೆದುಹಾಕಲಾಯಿತು; ಕ್ಯಾಲ್ವಿನ್ ದೇವರನ್ನು ಚಿತ್ರಿಸುವುದನ್ನು ಪೂರ್ಣವಾಗಿ ತಿರಸ್ಕರಿಸಿದನು; ಲೂಥರ್ ಅಷ್ಟು ದೂರ ಹೋಗಲಿಲ್ಲ. ಪೂರ್ವದ ಸಭೆಯಲ್ಲಿ 1666–67ರ ಮಾಸ್ಕೋ ಮಹಾಸಭೆಯು ತಂದೆಯನ್ನು ನರೆಗೂದಲಿನ ವೃದ್ಧನಾಗಿ ಚಿತ್ರಿಸುವುದನ್ನು ನಿಷೇಧಿಸಿತು. ಕ್ಯಾಥೊಲಿಕರಲ್ಲಿ ಪೋಪ್ 14ನೆಯ ಬೆನೆಡಿಕ್ಟ್ 1745ರಲ್ಲಿ ವೃದ್ಧನ ಚಿತ್ರಕ್ಕೆ ಸಮ್ಮತಿಯಿತ್ತು, ಪವಿತ್ರಾತ್ಮವನ್ನು ತರುಣನಾಗಿ ಬಿಡಿಸುವುದನ್ನು ತಡೆದನು. ಧರ್ಮಗ್ರಂಥದಲ್ಲಿ ಕಾಣಿಸಿಕೊಂಡ ರೂಪವನ್ನಷ್ಟೇ ಚಿತ್ರಿಸಬಹುದೆಂಬುದು ಅವನ ಅಳತೆಗೋಲು.

ಈ ಇಕ್ಕಟ್ಟಿನಿಂದ ಬೇರೊಂದು ದಾರಿ ಕಂಡವನು ರಷ್ಯಾದ ಆಂದ್ರೇಯ್ ರುಬ್ಲ್ಯೋವ್. 15ನೆಯ ಶತಮಾನದ ಆರಂಭದ ಅವನ ‘ತ್ರ್ಯೇಕತ್ವ’ದಲ್ಲಿ ತಂದೆಯೂ ಇಲ್ಲ, ವೃದ್ಧನೂ ಇಲ್ಲ, ಆದಿಕಾಂಡದಲ್ಲಿ ಅಬ್ರಹಾಮನ ಮನೆಗೆ ಬಂದ ಮೂವರು ಅತಿಥಿಗಳು ದೇವದೂತರಾಗಿ ಒಂದು ಪೀಠದ ಸುತ್ತ ಕುಳಿತಿದ್ದಾರೆ. ಒಬ್ಬರತ್ತ ಒಬ್ಬರು ಬಾಗಿದ ಅವರಲ್ಲಿ ಹಿರಿಯ ಕಿರಿಯರೆಂಬ ಭೇದವಿಲ್ಲ. ವ್ಯಕ್ತಿಯ ಬದಲು ಸಂಬಂಧವನ್ನೇ ಚಿತ್ರಿಸಿದ್ದು ಈ ಕೃತಿಯ ಹಿರಿಮೆ.

5

ಮಾತಿನಲ್ಲಿ ಮೂಡುವ ಚಿತ್ರವೂ ಗೋಡೆಯ ಚಿತ್ರದಷ್ಟೇ ಪ್ರಭಾವಶಾಲಿ. ಡಯೊನೀಸಿಯಸ್ ಎಂಬ ಹೆಸರಿನಲ್ಲಿ 500ರ ಸುಮಾರಿಗೆ ಬರೆದ ಲೇಖಕನು ದೇವರಿಗೆ ಕೊಟ್ಟ ಪ್ರತಿಯೊಂದು ಹೆಸರನ್ನೂ ನಿರಾಕರಿಸುತ್ತ ಸಾಗುವ ಮಾರ್ಗವನ್ನು ಬೋಧಿಸಿದನು. ಭವ್ಯ ಉಪಮೆಗಳಿಗಿಂತ ಒರಟು ಉಪಮೆಗಳೇ ಲೇಸು, ಏಕೆಂದರೆ ಅವನ್ನು ಯಾರೂ ಅಕ್ಷರಶಃ ನಂಬುವುದಿಲ್ಲ ಎಂಬ ಅವನ ಸೂಕ್ಷ್ಮದೃಷ್ಟಿ ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳಿಗೂ ಉಪಯುಕ್ತ.

ವ್ಯಾಕರಣದ ಲಿಂಗವೂ ಕಲ್ಪನೆಯನ್ನು ರೂಪಿಸುತ್ತದೆ. ಆತ್ಮವನ್ನು ಸೂಚಿಸುವ ಪದ ಹೀಬ್ರೂ ಮತ್ತು ಸಿರಿಯಾಕ್ ಭಾಷೆಗಳಲ್ಲಿ ಸ್ತ್ರೀಲಿಂಗ, ಗ್ರೀಕಿನಲ್ಲಿ ನಪುಂಸಕ, ಲ್ಯಾಟಿನ್ನಿನಲ್ಲಿ ಪುಲ್ಲಿಂಗ. ಆದಿಕಾಲದ ಸಿರಿಯಾಕ್ ಬರಹಗಾರರು ಪವಿತ್ರಾತ್ಮವನ್ನು ತಾಯಿಯಾಗಿ ಕಲ್ಪಿಸಿದ್ದುಂಟು. 14ನೆಯ ಶತಮಾನದ ಇಂಗ್ಲೆಂಡಿನ ಅನುಭಾವಿ ನಾರ್ವಿಚ್‌ನ ಜೂಲಿಯನ್ ಕ್ರಿಸ್ತನನ್ನೇ ತಾಯಿ ಎಂದಳು. 1987ರಲ್ಲಿ ಅಮೆರಿಕದ ಸ್ಯಾಲಿ ಮೆಕ್‌ಫೇಗ್ ತಾಯಿ, ಪ್ರೇಮಿ, ಸ್ನೇಹಿತ ಎಂಬ ರೂಪಕಗಳನ್ನು ಮುಂದಿಟ್ಟಾಗ ಅವರ ವಾದದ ತಿರುಳು ಇದು: ‘ತಂದೆ’ಯೂ ಒಂದು ರೂಪಕವೇ, ಅದು ರೂಪಕವೆಂಬುದನ್ನು ಮರೆತಾಗ ಅದೇ ವಿಗ್ರಹವಾಗುತ್ತದೆ. ಇದಕ್ಕೂ ಮೊದಲು, 1970ರಲ್ಲಿ, ಜೇಮ್ಸ್ ಕೋನ್ ದೇವರು ಕಪ್ಪು ಎಂದು ಸಾರಿದ್ದರು. ಬಿಳಿಯ ದೇವರ ಚಿತ್ರವು ದಬ್ಬಾಳಿಕೆಗೆ ಸಮರ್ಥನೆಯಾದಾಗ ಚಿತ್ರವನ್ನು ತಿದ್ದುವುದು ನ್ಯಾಯದ ಪ್ರಶ್ನೆಯೇ ಆಗುತ್ತದೆ.

6

ಅನುವಾದಕನ ಮುಂದೆಯೂ ಇದೇ ಪ್ರಶ್ನೆ ಎದುರಾಗುತ್ತದೆ. ಕನ್ನಡದ ಉದಾಹರಣೆ ಇದಕ್ಕೆ ಸ್ಪಷ್ಟ ನಿದರ್ಶನ. ‘ದೇವರು’ ಎಂಬ ಪದವೇ ಗೌರವಾರ್ಥಕ ಬಹುವಚನ. ಪ್ರೊಟೆಸ್ಟೆಂಟರಲ್ಲಿ ರೂಢವಾದ ಹಳೆಯ ಬೈಬಲ್ ಅನುವಾದವು ಅದಕ್ಕೆ ‘–ದನು’ ಎಂಬ ಪುಲ್ಲಿಂಗ ಏಕವಚನದ ಕ್ರಿಯಾಪದವನ್ನು ಜೋಡಿಸುತ್ತದೆ. ಕ್ಯಾಥೊಲಿಕ್ ಅನುವಾದ ‘–ದರು’ ಎನ್ನುತ್ತದೆ. ಮೊದಲನೆಯದು ಏಕದೇವತ್ವವನ್ನು ಕಾಪಾಡುತ್ತದೆ, ಜೊತೆಗೆ ದೇವರನ್ನು ಗಂಡಾಗಿಸುತ್ತದೆ. ಎರಡನೆಯದು ಗೌರವವನ್ನು ಸೂಚಿಸುತ್ತಲೇ, ಸ್ತ್ರೀಪುರುಷ ಭೇದವಿಲ್ಲದ ಪ್ರತ್ಯಯದಿಂದಾಗಿ, ಲಿಂಗವನ್ನು ಹೇಳದೆ ಬಿಡುತ್ತದೆ. ಪ್ರಭುವಿನ ಪ್ರಾರ್ಥನೆಯಲ್ಲಿ ಒಂದು ಸಂಪ್ರದಾಯ ‘ನಿನ್ನ’ ಎಂದು ಆಪ್ತವಾಗಿ, ಇನ್ನೊಂದು ‘ನಿಮ್ಮ’ ಎಂದು ವಿನಯದಿಂದ ಸಂಬೋಧಿಸುತ್ತದೆ. ಹೀಬ್ರೂವಿನ ದೇವನಾಮಕ್ಕೆ ಒಂದೆಡೆ ‘ಯೆಹೋವ’, ಇನ್ನೊಂದೆಡೆ ‘ಸರ್ವೇಶ್ವರ’ ನಿಲ್ಲುತ್ತದೆ; ಮೊದಲನೆಯದು ಅಪರಿಚಿತತೆಯನ್ನು ಉಳಿಸಿಕೊಳ್ಳುತ್ತದೆ, ಎರಡನೆಯದು ಈ ನೆಲದ ಶಬ್ದಸ್ಮೃತಿಯನ್ನು ಒಳಗೆ ತರುತ್ತದೆ. ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ ಕಿಟೆಲ್ಲರ ‘ಕಥಾಮಾಲೆ’ (1862), ಬೆಂಗಳೂರಿನ ಬಳಿಯ ಸಿಲ್ವೆಪುರದಲ್ಲಿ ನೆಲೆಸಿ ಕ್ರಿಸ್ತನನ್ನು ಭಾರತೀಯ ಪ್ರತೀಕಗಳಲ್ಲಿ ಚಿತ್ರಿಸಿದ ಜ್ಯೋತಿ ಸಾಹಿ ಅವರ ಕಲೆ ಇವೆಲ್ಲವೂ ಇದೇ ಶೋಧದ ಭಾಗಗಳು.

ಕ್ರೈಸ್ತ ಸಾಹಿತ್ಯವನ್ನು ಓದುವವರು ‘ಈ ಧರ್ಮದ ದೇವರು ಹೇಗಿದ್ದಾನೆ’ ಎಂದು ಕೇಳುವುದಕ್ಕಿಂತ, ಯಾವ ಕಾಲದಲ್ಲಿ ಯಾವ ರೂಪಕ ಮುಂದೆ ಬಂದಿತು, ಅದು ಯಾವುದನ್ನು ಮರೆಮಾಡಿತು, ಅದನ್ನು ಯಾರು ತಿದ್ದಿದರು ಎಂದು ಕೇಳುವುದು ಹೆಚ್ಚು ಫಲಕಾರಿ. ಕನ್ನಡದ ಮಟ್ಟಿಗೆ ಈ ಶೋಧವನ್ನು ಕಲಾಕೃತಿಗಳಿಂದಲೇ ಆರಂಭಿಸಬೇಕೆಂದಿಲ್ಲ; ಅನುವಾದಕರು ಆಯ್ದುಕೊಂಡ ಒಂದು ಕ್ರಿಯಾಪದದ ಪ್ರತ್ಯಯದಿಂದಲೂ ಆರಂಭಿಸಬಹುದು.