ಕೆಂಪು ದೀಪಕ್ಕೆ ಬ್ರೇಕ್ ಇಲ್ಲ

ಚೌಡಾಪುರದ ಕಡೆಯವರಿಗೆ ಗಾಣಗಾಪುರ ರೋಡ್ ನಿಲ್ದಾಣ ಹೊಸದಲ್ಲ. ದತ್ತನ ದರ್ಶನಕ್ಕೆ ಬರುವವರು ರೈಲಿನಿಂದ ಇಳಿಯುವುದು ಅಲ್ಲೇ. ಪ್ಲಾಟ್‌ಫಾರಂ ಮೇಲೆ ನಿಂತು ಗೂಡ್ಸ್ ಗಾಡಿಯ ಡಬ್ಬಿ ಎಣಿಸದ ಮಕ್ಕಳು ಕಡಿಮೆ. ಐವತ್ತರ ಹತ್ತಿರ ಬಂದಾಗ ಲೆಕ್ಕ ತಪ್ಪಿಹೋಗುತ್ತದೆ. ಸರಕು ತುಂಬಿದ ಅಂಥ ಗಾಡಿ ನಾಲ್ಕೈದು ಸಾವಿರ ಟನ್ ತೂಗುತ್ತದೆ. ವೇಗದಲ್ಲಿದ್ದಾಗ ಬ್ರೇಕ್ ಹಾಕಿದರೆ ನಿಲ್ಲುವಷ್ಟರಲ್ಲಿ ಸುಮಾರು ಒಂದು ಕಿಲೋಮೀಟರ್ ಸರಿದಿರುತ್ತದೆ. ಎದುರಿನ ಗಾಡಿ ಕಣ್ಣಿಗೆ ಬಿದ್ದ ಮೇಲೆ ಎಚ್ಚರಗೊಂಡರೆ ಕಾಲ ಮಿಂಚಿತು! ಅದಕ್ಕೇ ಹಳಿಯನ್ನು ತುಂಡುಗಳಾಗಿ ವಿಂಗಡಿಸಿ, ಒಂದು ತುಂಡಿನಲ್ಲಿ ಒಂದೇ ಗಾಡಿ ಇರುವಂತೆ ಸಿಗ್ನಲ್ ಕಾಯುತ್ತದೆ. ಹಾಗಿದ್ದೂ ಡಿಕ್ಕಿಯಾಗುವುದು ಹೇಗೆ?

2012ರ ಮೇ 22ರ ನಸುಕಿನಲ್ಲಿ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್, ಆಂಧ್ರದ ಪೆನುಕೊಂಡದಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಹಿಂದಿನಿಂದ ಅಪ್ಪಳಿಸಿತು. ಸುಮಾರು 25 ಮಂದಿ ಸತ್ತರು. ಸಿಗ್ನಲ್ ಕೆಟ್ಟಿರಲಿಲ್ಲ, ಕೆಂಪಾಗಿಯೇ ಇತ್ತು. ಎಕ್ಸ್‌ಪ್ರೆಸ್ ಅದನ್ನು ದಾಟಿ ಬಂದಿತ್ತು. ದೀಪ ಎಚ್ಚರಿಸಬಲ್ಲದು, ಗಾಡಿಯನ್ನು ಹಿಡಿದು ನಿಲ್ಲಿಸಲಾರದು. ಚಾಲಕ ಕೆಂಪು ದಾಟಿದರೆ ತಾನೇ ಬ್ರೇಕ್ ಒತ್ತುವ 'ಕವಚ' ವ್ಯವಸ್ಥೆ ಬರುತ್ತಿರುವುದು ಈ ಕೊರತೆ ನೀಗಿಸಲೆಂದೇ. ಆದರೆ ಎಲ್ಲ ಮಾರ್ಗಗಳಿಗೂ ಅದು ಇನ್ನೂ ತಲುಪಿಲ್ಲ.

ಇದಕ್ಕಿಂತ ಭಯಂಕರ, ದೀಪವೇ ಸುಳ್ಳು ಹೇಳುವುದು. ನಿಲ್ದಾಣದ ಹತ್ತಿರ ಹಳಿ ಕವಲೊಡೆಯುವ ಜಾಗಕ್ಕೆ ಪಾಯಿಂಟ್ ಎನ್ನುತ್ತಾರೆ. ಪಾಯಿಂಟ್ ಯಾವ ಕಡೆ ತಿರುಗಿದೆಯೋ ಅದಕ್ಕೆ ಹೊಂದಿದ ಸಿಗ್ನಲ್ ಮಾತ್ರ ಹಸಿರಾಗಬೇಕು. ಎರಡನ್ನೂ ಹೀಗೆ ಗಂಟುಹಾಕುವ ಏರ್ಪಾಡೇ ಇಂಟರ್‌ಲಾಕಿಂಗ್. ಹಳಿಯ ಪಕ್ಕದ ಪೆಟ್ಟಿಗೆಯಲ್ಲಿ ಯಾರಾದರೂ ತಂತಿಯನ್ನು ತಪ್ಪಾಗಿ ಜೋಡಿಸಿದರೆ ಆ ಗಂಟು ಬಿಚ್ಚಿದಂತೆಯೇ.

2023ರ ಫೆಬ್ರುವರಿ 8ರಂದು ನಮ್ಮ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಾಗ, ಸ್ಟೇಷನ್ ಮಾಸ್ಟರರ ಫಲಕದಲ್ಲಿ ದಾರಿ ಸರಿಯಾಗಿಯೇ ಕಾಣುತ್ತಿತ್ತು. ಪಾಯಿಂಟ್ ಮಾತ್ರ ಬೇರೆ ಹಳಿಗೆ ತಿರುಗಿತ್ತು. ಮರುದಿನವೇ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು, ಸರಿಪಡಿಸದಿದ್ದರೆ ದೊಡ್ಡ ಅಪಘಾತವಾದೀತೆಂದು ಪತ್ರ ಬರೆದರು. ನಾಲ್ಕು ತಿಂಗಳೊಳಗೆ, ಜೂನ್ 2ರಂದು, ಒಡಿಶಾದ ಬಹನಾಗಾ ಬಜಾರ್‌ನಲ್ಲಿ ಹಸಿರು ಸಿಗ್ನಲ್ ನಂಬಿ ಬಂದ ಕೋರಮಂಡಲ್ ಎಕ್ಸ್‌ಪ್ರೆಸ್ ಪಕ್ಕದ ಲೂಪ್ ಹಳಿಗೆ ತಿರುಗಿ, ಅದಿರು ತುಂಬಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತು. 290ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ತನಿಖೆಯಲ್ಲಿ ಸಿಕ್ಕಿದ್ದು ಅದೇ ಜಾತಿಯ ತಪ್ಪು, ಲೆವೆಲ್ ಕ್ರಾಸಿಂಗ್ ಕೆಲಸದ ವೇಳೆ ಆದ ತಪ್ಪು ತಂತಿಜೋಡಣೆ. ಇಂಥಲ್ಲಿ ಕವಚವೂ ಕೈಕಟ್ಟಿ ಕೂರಬೇಕಾಗುತ್ತದೆ; ದೀಪ ಹಸಿರೆಂದರೆ ಅದಕ್ಕೂ ಹಸಿರೇ.

ಹೊಸದುರ್ಗ ರೋಡಿನಲ್ಲಿ ಯಾರಿಗೂ ಏನೂ ಆಗಲಿಲ್ಲ. ಗಾಡಿಯ ಚಾಲಕ ಪಾಯಿಂಟ್ ತಪ್ಪು ಕಡೆಗೆ ತಿರುಗಿರುವುದನ್ನು ಕಂಡು, ಆ ಹಳಿಗೆ ಹೋಗುವ ಮೊದಲೇ ಗಾಡಿ ನಿಲ್ಲಿಸಿದ್ದರು.