ನಿವೇಶನ ದಲ್ಲಾಳಿಯ ಎದೆಯುರಿ

ಹುಬ್ಬಳ್ಳಿಯಲ್ಲಿ ನಿವೇಶನ, ಹೊಲ, ಮನೆಗಳ ಮಾರಾಟಕ್ಕೆ ಮಧ್ಯಸ್ಥರಾಗಿ ದುಡಿಯುವ ಐವತ್ತರ ಆಸುಪಾಸಿನ ಗೃಹಸ್ಥರೊಬ್ಬರು ಎದೆಯುರಿ, ಹುಳಿತೇಗು, ನಿದ್ರಾನಾಶಗಳಿಂದ ಬಳಲಿ ನಮ್ಮಲ್ಲಿಗೆ ಬಂದಿದ್ದರು. ಹೃದಯದ ತೊಂದರೆಯಲ್ಲವೆಂದು ಇ.ಸಿ.ಜಿ. ಮೊದಲಾದ ಪರೀಕ್ಷೆಗಳಿಂದ ಮೊದಲೇ ಖಚಿತವಾಗಿತ್ತು. (ಈ ವಯಸ್ಸಿನವರು ಎದೆಯುರಿಯನ್ನು ಬರಿಯ ಪಿತ್ತವೆಂದು ತಾವೇ ತೀರ್ಮಾನಿಸಬಾರದು.) ಅಮ್ಲಪಿತ್ತಕ್ಕೆಂದು ಅವಿಪತ್ತಿಕರ ಚೂರ್ಣವನ್ನು ಕೊಟ್ಟೆವು. ಹದಿನೈದು ದಿನ ಶಮನವಾಗಿ ಉರಿ ಮರುಕಳಿಸಿತು.

ಆಗ ದಿನಚರಿಯನ್ನು ವಿಚಾರಿಸಿದೆವು. ಬೆಳಿಗ್ಗೆ ಬರಿಹೊಟ್ಟೆಗೆ ಚಹಾ. ಬಳಿಕ ಗಿರಾಕಿಗಳೊಡನೆ ಬಿಸಿಲಲ್ಲಿ ಅಲೆದಾಟ. ಊಟ ಒಂದು ದಿನ ಮೂರಕ್ಕೆ, ಒಂದು ದಿನ ಐದಕ್ಕೆ. ಕೆಲವೊಮ್ಮೆ ಮಿರ್ಚಿ ಭಜಿಯೇ ಊಟ. ರಾತ್ರಿ ಹನ್ನೊಂದಾದರೂ ಮೊಬೈಲು ಕಿವಿಯಲ್ಲಿ.

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಹಸಿವು, ನೀರಡಿಕೆ, ನಿದ್ರೆಗಳು ಅವುಗಳಲ್ಲಿ ಸೇರಿವೆ. ಹಸಿವನ್ನು ತಡೆದರೆ ದೌರ್ಬಲ್ಯ, ಮೈಕೈನೋವು, ಅರುಚಿ, ತಲೆಸುತ್ತು ಉಂಟಾಗುತ್ತವೆ. ತಡೆಯಲೇಬೇಕಾದ ವೇಗಗಳನ್ನೂ ಅದೇ ಅಧ್ಯಾಯ ಹೇಳುತ್ತದೆ: ಲೋಭ, ಭಯ, ಕ್ರೋಧ ಮೊದಲಾದವು. ಇವರಲ್ಲಿ ಲೆಕ್ಕ ತಿರುವುಮುರುವಾಗಿತ್ತು. ಗಿರಾಕಿ ಕೈತಪ್ಪೀತೆಂಬ ಭಯವನ್ನು ಸಡಿಲ ಬಿಟ್ಟು, ಹಸಿವನ್ನು ಕಟ್ಟಿಹಾಕಿದ್ದರು.

ನಿದ್ರೆಗೆಟ್ಟದ್ದು ಬೇರೊಂದು ಕಾರಣಕ್ಕೆ. ಬೀಗರೊಬ್ಬರಿಗಾಗಿ ನಾಲ್ಕು ತಿಂಗಳು ತಿರುಗಿ 40 ಲಕ್ಷ ರೂಪಾಯಿಯ ನಿವೇಶನವನ್ನು ಹುಡುಕಿಕೊಟ್ಟಿದ್ದರು. ಋಣಭಾರ ಪತ್ರ ತೆಗೆಸಿ, ಖಾತೆ ನೋಡಿ, ಒಡೆಯರ ಅಣ್ಣತಮ್ಮಂದಿರ ತಕರಾರನ್ನೂ ಬಗೆಹರಿಸಿದ್ದರು. ಶೇಕಡಾ 1ರಂತೆ 40 ಸಾವಿರ ಬರಬೇಕಿತ್ತು. ಕೊಳ್ಳುವವರೂ ಮಾರುವವರೂ ತಾವೇ ಕೂಡಿ ನೋಂದಣಿ ಮುಗಿಸಿ, ಎಲೆಯಡಿಕೆಯೊಡನೆ 5 ಸಾವಿರವನ್ನು ಕೈಗಿಟ್ಟರಂತೆ. ಏಕೆ ಕೇಳಲಿಲ್ಲವೆಂದೆವು. “ಬೀಗರಿಗೆ ರೊಕ್ಕಾ ಹ್ಯಾಂಗ ಕೇಳೂದ್ರಿ ಡಾಕ್ಟ್ರೇ?” ಎಂದರು.

ನಮಗೆ ಉಪದೇಶಿಸುವ ಅಧಿಕಾರ ಪೂರ್ಣವಾಗಿರಲಿಲ್ಲ. ನಾವೂ ಅನೇಕ ವರ್ಷ ಮದುವೆ ಮನೆಗಳಲ್ಲಿ ಊಟದ ಪಂಕ್ತಿಯಿಂದೆದ್ದು ನಾಡಿ ನೋಡಿದವರೇ. ಶುಲ್ಕ ಕೇಳಲು ನಾಚಿ, ಮನೆಗೆ ಬಂದು ಸಿಡುಕಿದವರೇ. ಕೊನೆಗೆ ಚಿಕಿತ್ಸಾಲಯದ ಬಾಗಿಲಿಗೆ ಸಮಯ ಮತ್ತು ಶುಲ್ಕದ ಫಲಕ ತೂಗುಹಾಕಿದೆವು. ಬಡವರಿಗೆ ಬಿಡುವುದು ನಮ್ಮ ಇಚ್ಛೆಯಾಯಿತು. ಉಳ್ಳವರು ತಪ್ಪಿಸಿಕೊಳ್ಳುವುದು ನಿಂತಿತು.

ಅವರಿಗೂ ಅದನ್ನೇ ಹೇಳಿದೆವು. ಮೊದಲ ನಿವೇಶನವನ್ನು ತೋರಿಸುವ ಮುನ್ನವೇ ದಲ್ಲಾಳಿ ಎಷ್ಟು, ಯಾರು ಕೊಡಬೇಕು, ಯಾವಾಗ ಎಂಬುದನ್ನು ಬರೆದು ಸಹಿ ಪಡೆಯಬೇಕು, ಬೀಗರಾದರಂತೂ ತಪ್ಪದೆ. ಹಕ್ಕುಪತ್ರಗಳ ಅಂತಿಮ ಅಭಿಪ್ರಾಯವನ್ನು ವಕೀಲರಿಗೆ ಬಿಡಬೇಕು. ಮುಂಗಡ ಹಣವನ್ನು ತಮ್ಮ ಕೈಯಲ್ಲಿ ಇಟ್ಟುಕೊಳ್ಳಬಾರದು. ನೋಂದಾಯಿತ ಬಡಾವಣೆ, ಅಪಾರ್ಟ್‌ಮೆಂಟುಗಳ ಮಾರಾಟದಲ್ಲಿ ತೊಡಗುವ ಏಜೆಂಟರು ತಾವೂ ನೋಂದಾಯಿಸಿಕೊಳ್ಳಬೇಕೆಂದು 2016ರ ರೇರಾ ಕಾಯ್ದೆ ವಿಧಿಸಿದೆ. ಕಾನೂನೇ ವೃತ್ತಿಯೆಂದು ಕರೆದುದನ್ನು ಇವರು ಉಪಕಾರವೆಂದು ಭಾವಿಸಿ ಸಂಕೋಚಪಡುವುದೇಕೆ? ಮಧ್ಯಾಹ್ನ ಒಂದಕ್ಕೆ ಊಟ, ರಾತ್ರಿ ಎಂಟರ ನಂತರ ಮೊಬೈಲು ಬಂದ್. ಚೀಟಿಯಲ್ಲಿ ಚೂರ್ಣದ ಕೆಳಗೆ ಇವನ್ನೂ ಬರೆದೆವು.

ಮೂರು ತಿಂಗಳ ನಂತರ ಬಂದಾಗ ಉರಿ ಬಹಳ ಕಡಿಮೆಯಾಗಿತ್ತು, ಚೂರ್ಣವನ್ನು ಅರ್ಧಕ್ಕಿಳಿಸಿದೆವು. ಬರಹಕ್ಕೆ ಸಹಿ ಕೇಳಿದ್ದಕ್ಕೆ ಇಬ್ಬರು ಗಿರಾಕಿಗಳು ಹೋದರೆಂದೂ, ಉಳಿದವರು ಮರುಮಾತಿಲ್ಲದೆ ಸಹಿ ಹಾಕಿದರೆಂದೂ ತಿಳಿಸಿದರು. ನಿದ್ರೆ ಮಾತ್ರ ಇನ್ನೂ ಪೂರ್ತಿ ಸರಿಹೋಗಿಲ್ಲ. ಬೀಗರ ಆ 35 ಸಾವಿರವನ್ನು ಕೇಳಬೇಕೋ ಬಿಡಬೇಕೋ ಎಂದು ಈಗಲೂ ಹೊರಳಾಡುತ್ತಾರಂತೆ.